ಚಕ್ಕಡಿಯಲ್ಲಿ ವಾಪಸು ಬಂದ ಕಸ

ಚಿಕ್ಕೋಡಿಯಲ್ಲಿ ನಾವಿದ್ದ ಕಾಲನಿಗೆ ಊರೊಳಗಿನವರು ‘ಶಾಣ್ಯಾರ ಕಾಲನಿ’, ಅಂದರೆ ಜಾಣರ ಕಾಲನಿ, ಎಂದು ಅಡ್ಡಹೆಸರು ಇಟ್ಟಿದ್ದರು. ಮಾಸ್ತರರು, ವಕೀಲರು, ಕಚೇರಿಯ ಗುಮಾಸ್ತರು, ನಿವೃತ್ತರಾದ ಒಬ್ಬ ದೊಡ್ಡ ಅಧಿಕಾರಿ, ಹೀಗೆ ಓದಿದ ಮಂದಿಯೇ ಸೇರಿ ಎಂಬತ್ತರ ದಶಕದಲ್ಲಿ ಊರ ಹೊರಗೆ ಮನೆ ಕಟ್ಟಿಕೊಂಡಿದ್ದರು. ಪ್ರತಿ ಮನೆಗೂ ಕಂಪೌಂಡು, ಪ್ರತಿ ಕಂಪೌಂಡಿಗೂ ಕಬ್ಬಿಣದ ಗೇಟು, ಗೇಟಿನ ಮೇಲೆ ಯಜಮಾನರ ಹೆಸರು, ಹೆಸರಿನ ಮುಂದೆ ಅವರ ಡಿಗ್ರಿ. ಅಷ್ಟೊಂದು ಶಾಣ್ಯಾತನ ಒಂದೇ ಕಡೆ ಸೇರಿದ್ದರೂ ನಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಒಂದು ದಿನವೂ ಕೇಳಿಕೊಂಡವರಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಹುಟ್ಟಿ ಬೆಳೆದದ್ದು ರಾಯಬಾಗ ತಾಲೂಕಿನ ಪಾಲಬಾವಿಯಲ್ಲಿ. ಅಪ್ಪನಿಗೆ ಒಂದಿಷ್ಟು ಕಬ್ಬು, ಒಂದಿಷ್ಟು ಜೋಳ, ಮನೆಯಲ್ಲಿ ಎಮ್ಮೆ ಎತ್ತು. ಆ ಮನೆಯಲ್ಲಿ ಕಸವೆಂದು ಎಸೆಯುವುದು ಎಂಬ ಕೆಲಸವೇ ಇರಲಿಲ್ಲ. ಕಾಯಿಪಲ್ಯದ ಸಿಪ್ಪೆ ಎಮ್ಮೆಗೆ ಹೋಗುತ್ತಿತ್ತು. ಎಮ್ಮೆಯ ಸಗಣಿಯನ್ನು ಅವ್ವ ಕುಳ್ಳು ತಟ್ಟುತ್ತಿದ್ದಳು, ಕುಳ್ಳು ಉರಿದ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದೆವು, ತಿಕ್ಕಿದ ನೀರು ಬಚ್ಚಲ ಹಿಂದಿನ ಬಾಳೆಗೆ ಹರಿಯುತ್ತಿತ್ತು. ಉಟ್ಟು ಹರಿದ ಸೀರೆ ಹೊದೆಯುವ ಕೌದಿಯಾಗುತ್ತಿತ್ತು. ಮಿಕ್ಕದ್ದೆಲ್ಲ ತಿಪ್ಪೆಗೆ ಬಿದ್ದು ಬೇಸಿಗೆಯಲ್ಲಿ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಇದನ್ನು ಪರಿಸರ, ಉಳಿತಾಯ ಅಂತೆಲ್ಲ ಹೆಸರಿಟ್ಟು ಯಾರೂ ನಮಗೆ ಕಲಿಸಿರಲಿಲ್ಲ. ಹಾಗೆ ಮಾಡದಿದ್ದರೆ ಅವ್ವನ ಕೈಯಲ್ಲಿ ಬೈಸಿಕೊಳ್ಳಬೇಕಾಗುತ್ತಿತ್ತು, ಅಷ್ಟೆ.

ಮದುವೆಯಾಗಿ ಹೈಸ್ಕೂಲು ಮಾಸ್ತರರ ಹೆಂಡತಿಯಾಗಿ ಚಿಕ್ಕೋಡಿಗೆ ಬಂದೆ. ಬಂದ ದಿನ ಒಲೆ ಹೊತ್ತಿಸಿ, ಉಳ್ಳಾಗಡ್ಡಿ ಹೆಚ್ಚಿ, ಸಿಪ್ಪೆ ಕೈಯಲ್ಲಿ ಹಿಡಿದುಕೊಂಡು ಹಿತ್ತಲಲ್ಲಿ ನಿಂತೆ. ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಪಕ್ಕದ ಮನೆಯಲ್ಲಿ ನಿಪ್ಪಾಣಿ ಕಡೆಯ ಮರಾಠಿ ಮಾತಿನ ಹೆಂಗಸೊಬ್ಬರು ಇದ್ದರು. ನಾನು ಅವರನ್ನು ಅವರ ಮಾತಿನಲ್ಲೇ ವೈನಿ, ಅಂದರೆ ಅತ್ತಿಗೆ, ಎಂದು ಕರೆಯತೊಡಗಿದೆ, ಕೊನೆಯವರೆಗೂ ಹಾಗೇ ಕರೆದೆ.

“ವೈನಿ, ಕಸ ಎಲ್ಲಿ ಹಾಕೂದ್ರಿ?” ಎಂದು ಕೇಳಿದೆ.

“ಹಿಂದಿನ ಗೋಡಿ ಐತಲ್ಲಾ, ಅದರ ಆಚಿಕ ಒಗದ ಬಿಡ್ರಿ.”

“ಆಚಿಕ ಏನೈತಿ?”

“ಯಾರದೋ ಹೊಲ ಇರಬೇಕು. ಯಾರ ನೋಡ್ಯಾರ?”

ಇಣುಕಿ ನೋಡಿದೆ. ಕಾಲನಿಯ ಹಿಂದಿನ ಗೋಡೆಯ ಉದ್ದಕ್ಕೂ ನೆಲ ಇಳಿಜಾರಾಗಿತ್ತು. ಇಳಿಜಾರಿನ ಕೆಳಗೆ ಕಪ್ಪು ಮಣ್ಣಿನ ಹೊಲ, ಹೊಲದ ಅಂಚಿಗೆ ಸಣ್ಣ ಹಳ್ಳ. ಗೋಡೆಯ ಬುಡದಿಂದ ಹೊಲದವರೆಗೂ ಎಲ್ಲರ ಮನೆಯ ಕಸ ಸೆರಗು ಹಾಸಿದಂತೆ ಬಿದ್ದಿತ್ತು.

ನನ್ನಿಂದ ಆಗಲಿಲ್ಲ. ಹಿತ್ತಲ ಮೂಲೆಯಲ್ಲಿ ನಾನೇ ಸಲಿಕೆ ಹಿಡಿದು ಒಂದು ಕುಣಿ ತೋಡಿದೆ. ಸಿಪ್ಪೆ, ಅನ್ನದ ಮುಸುರೆ, ಗಿಡದಿಂದ ಉದುರಿದ ಎಲೆ ಎಲ್ಲ ಅದರೊಳಗೆ ಹಾಕಿ ಮೇಲೊಂದು ಬುಟ್ಟಿ ಮಣ್ಣು ಎಳೆಯುತ್ತಿದ್ದೆ. ವಾಸನೆ ಬರುತ್ತಿರಲಿಲ್ಲ, ನೊಣ ಮುತ್ತುತ್ತಿರಲಿಲ್ಲ. ಮಳೆಗಾಲದಲ್ಲಿ ಅದರ ಪಕ್ಕ ಹೀರೆ ಬೀಜ ಊರಿದರೆ ಬಳ್ಳಿ ಕಂಪೌಂಡು ಹತ್ತಿ ರಸ್ತೆಗೆ ಇಳಿಯಿತು. ಅಷ್ಟು ಕಾಯಿ ನಾವಿಬ್ಬರೇ ತಿನ್ನುವುದಾದರೂ ಹೇಗೆ? ಕಾಲನಿ ತುಂಬ ಹಂಚಿದೆ. ಎಲ್ಲರೂ ಬಾಯಿ ಚಪ್ಪರಿಸಿ ತಿಂದರು. ತಿಂದವರೇ ಮುಂದಿನ ವರ್ಷ ಕುಣಿ ಮುಚ್ಚಿಸಲಿಕ್ಕೆ ಬಂದರು!

ಕಾಲನಿಗೆ ಒಂದು ಸಂಘವಿತ್ತು. ಆ ನಿವೃತ್ತ ಅಧಿಕಾರಿಗಳೇ ಅದರ ಅಧ್ಯಕ್ಷರು. ಒಂದು ಸಂಜೆ ಅವರು ಇನ್ನಿಬ್ಬರನ್ನು ಕರೆದುಕೊಂಡು ನಮ್ಮ ಪಡಸಾಲೆಗೆ ಬಂದು ಕುಳಿತರು. ನಾನು ಚಹಾ ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ನಮ್ಮ ಮನೆಯವರ ಕಡೆ ತಿರುಗಿ ಹೇಳಿದರು.

“ಮಾಸ್ತರ, ತಪ್ಪ ತಿಳೀಬ್ಯಾಡ್ರಿ. ಇದೇನ ಹಳ್ಳಿ ಅಲ್ಲ. ನಮ್ಮ ಮನಿಗೆ ಬೆಳಗಾವಿಂದ, ಕೊಲ್ಲಾಪುರದಿಂದ ದೊಡ್ಡ ದೊಡ್ಡ ಮಂದಿ ಬರ್ತಾರ. ಕಾಲನ್ಯಾಗ ತಿಪ್ಪಿ ಇಟ್ಟಾರ ಅಂದ್ರ ಹೆಂಗ ಕಾಣಸ್ತೈತಿ?”

ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಸುಮ್ಮನಿರಲಾಗಲಿಲ್ಲ. “ನಮ್ಮ ತಿಪ್ಪಿ ನಮ್ಮ ಹಿತ್ತಲದಾಗ ಐತ್ರಿ. ನೀವೆಲ್ಲಾರೂ ಗೋಡಿ ಹಿಂದ ಒಟ್ಟೀರಲ್ಲಾ, ಅದಕ್ಕೇನಂತೀರಿ?”

ಅವರು ಸಣ್ಣ ಹುಡುಗಿಗೆ ಪಾಠ ಹೇಳುವಂತೆ ನಕ್ಕರು. “ಅದು ಕಾಲನಿ ಹೊರಗ ಐತಲ್ರಿ, ಬಾಯಾರ.”

ಹೊರಗೆ! ಆ ಒಂದು ಮಾತು ನನ್ನ ಎದೆಯಲ್ಲಿ ಮುಳ್ಳು ಮುರಿದಂತೆ ಕುಳಿತುಬಿಟ್ಟಿತು. ಅವರು ಹೋದ ಮೇಲೆ ನಮ್ಮ ಮನೆಯವರು ಮೆತ್ತಗೆ, “ಹೋಗ್ಲಿ ಬಿಡು. ಇರೂ ಮಂದಿ ಜೊತಿ ಹೊಂದ್ಕೊಂಡ ಇರಬೇಕಲ್ಲಾ” ಎಂದರು. ಜಗಳವೆಂದರೆ ಅವರಿಗೆ ಜ್ವರ ಬರುತ್ತಿತ್ತು. ಆಳು ಹಿಡಿದು ಕುಣಿ ಮುಚ್ಚಿಸಿದರು. ಮುಚ್ಚಿದ ಜಾಗಕ್ಕೆ ಸಂಘದವರೇ ಮುಂದೆ ನಿಂತು ಫರಸಿ ಕಲ್ಲು ಹಾಸಿಸಿದರು, ನಾನು ಮತ್ತೆ ತೋಡಬಾರದು ಅಂತ. ಅವತ್ತಿನಿಂದ ನಮ್ಮ ಮನೆಯ ಸಿಪ್ಪೆಯೂ ಆ ಗೋಡೆಯನ್ನೇ ಹತ್ತಿ ಇಳಿಯಬೇಕಾಯಿತು. ಎಷ್ಟೋ ದಿನ ನಾನು ನಮ್ಮ ಮನೆಯವರಿಗೆ ಊಟಕ್ಕೆ ಬಡಿಸುವಾಗ ಮುಖ ಕೊಟ್ಟು ಮಾತಾಡಲಿಲ್ಲ.

ಅಲ್ಲಿಯವರೆಗೆ ಗೋಡೆ ದಾಟುತ್ತಿದ್ದದ್ದು ಮಣ್ಣಾಗುವ ವಸ್ತು. ಎಂಬತ್ತರ ಕೊನೆಗೆ ಬಾಜಾರಿಗೆ ತೆಳ್ಳನೆಯ ಪ್ಲಾಸ್ಟಿಕ್ ಪಿಶವಿ, ಅಂದರೆ ಚೀಲ, ಬಂತು. ನೋಡುನೋಡುತ್ತಿದ್ದಂತೆ ಎಲ್ಲರ ಕೈಯಲ್ಲೂ ಅದೇ. ಕೊತ್ತಂಬರಿಗೊಂದು, ಮೆಣಸಿನಕಾಯಿಗೊಂದು, ಅವೆರಡನ್ನೂ ಇಡಲಿಕ್ಕೆ ಮತ್ತೊಂದು. ನಮ್ಮ ಮನೆಯವರು ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ನಾನು ಹೊಲಿದುಕೊಟ್ಟ ಕೈಚೀಲ ಹಿಡಿದು ಸಂತೆಗೆ ಹೋದರೆ, “ಏನ್ ಮಾಸ್ತರ, ಇನ್ನೂ ಜೋಳಗಿ ಹಾಕ್ಕೊಂಡ ಹೊಂಟೀರಿ?” ಎಂದು ಓದಿದ ಮಂದಿಯೇ ಚೇಷ್ಟೆ ಮಾಡುತ್ತಿದ್ದರು. ಕೈ ಬೀಸಿಕೊಂಡು ಸಂತೆಗೆ ಹೋಗಿ ಹತ್ತು ಪಿಶವಿ ನೇತಾಡಿಸಿಕೊಂಡು ಬರುವುದೇ ದೊಡ್ಡಸ್ತಿಕೆ ಎಂದಾಗಿತ್ತು. ಅದೇ ಪಿಶವಿಯಲ್ಲಿ ಮುಸುರೆ ತುಂಬಿ, ಬಾಯಿಗೆ ಗಂಟು ಬಿಗಿದು, ಗೋಡೆ ದಾಟಿಸುವುದು ಶುಚಿತ್ವ ಎಂದಾಗಿತ್ತು.

ಆ ಹೊಲ ಯಾರದು ಎಂದು ನನಗೆ ತಿಳಿದದ್ದು ನಮಗೆ ಹಾಲು ಹಾಕುತ್ತಿದ್ದ ಹೆಂಗಸಿನಿಂದ. ಆಕೆಯನ್ನು ಎಲ್ಲರೂ ಹಾಲಿನವ್ವ ಎನ್ನುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವಳು, ಎತ್ತರದ ಆಳು, ದನಿ ಗಂಟೆ ಬಾರಿಸಿದ ಹಾಗೆ. ಗಂಡ ಮಾತು ಕಡಿಮೆಯ ಮನುಷ್ಯ. ಇಬ್ಬರೂ ಸೇರಿ ಆ ತುಂಡು ಹೊಲ ಮಾಡಿಕೊಂಡು, ಎಮ್ಮೆ ಸಾಕಿಕೊಂಡು, ಬೆಳಿಗ್ಗೆ ಕಾಲನಿಗೆ ಹಾಲು ತರುತ್ತಿದ್ದರು. ಅವಳೇನು ದೇವತೆಯಲ್ಲ. ಹಾಲಿಗೆ ನೀರು ಬೆರೆಸುತ್ತಿದ್ದಳು. ಆ ವಿಷಯಕ್ಕೆ ನನಗೂ ಅವಳಿಗೂ ಆಗಾಗ ಬಾಗಿಲಲ್ಲೇ ಜಗಳ. “ಎಮ್ಮಿ ನೀರ ಕುಡೀತೈತಿ, ಹಾಲಿನ್ಯಾಗ ನೀರ ಇರ್ತೈತಿ, ನಾ ಏನ ಮಾಡ್ಲಿ ಬಾಯಾರ?” ಎಂದು ನನಗೇ ತಿರುಗಿ ಕೇಳುತ್ತಿದ್ದಳು.

ಒಂದು ದಿನ ಹಾಲು ಅಳೆಯುತ್ತ ಅಂದಳು, “ಬಾಯಾರ, ನಿಮ್ಮ ಪಿಶವಿ ಎಲ್ಲಾ ನಮ್ಮ ಹೊಲಕ್ಕ ಬರಾಕತ್ತಾವ. ನೇಗಿಲಿಗೆ ಸುತ್ಕೊಂತಾವ. ಎಲ್ಲಾರ ಮನಿಗೂ ಹೇಳ್ಕೊಂತ ಬಂದೀನಿ.”

“ಏನಂದ್ರು?”

“ಗಾಳಿ ಬೀಸಿದ್ರ ನಾವೇನ ಮಾಡೂಣು ಅಂದ್ರು.”

ಅವಳು ಅದನ್ನು ಒಂದು ಸಲ ಹೇಳಲಿಲ್ಲ. ಮುಂಗಾರಿಗೆ ಹೇಳಿದಳು, ಸುಗ್ಗಿಗೆ ಹೇಳಿದಳು. ನಾನು ವೈನಿಗೆ ಹೇಳಿದೆ. ನಮ್ಮ ಮನೆಯವರು ಸಂಘದ ಸಭೆಯಲ್ಲಿ ಹೆದರುತ್ತ ಹೆದರುತ್ತ ಬಾಯಿ ಬಿಟ್ಟರು. “ಆಕಿ ಒಂದು ಬೇಲಿ ಹಾಕ್ಕೋಬೇಕಪ್ಪಾ” ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರಂತೆ. ಮುಂದಿನ ವಿಷಯ ಏನಂದರೆ ಕಾಲನಿಯ ಹೆಬ್ಬಾಗಿಲಿಗೆ ಕಮಾನು ಕಟ್ಟಿಸುವುದು.

ಆಮೇಲೊಂದು ಬೇಸಿಗೆಯಲ್ಲಿ ನಾಲ್ಕಾರು ದಿನ ಹಾಲು ಬರಲಿಲ್ಲ. ಹಾಲಿಲ್ಲದೆ ಚಹಾ ಇಲ್ಲ, ಚಹಾ ಇಲ್ಲದೆ ಕಾಲನಿಗೆ ಬೆಳಗಾಗಲಿಲ್ಲ. “ಹೇಳದ ಕೇಳದ ಬಿಟ್ಟಬಿಟ್ಲು ನೋಡ್ರಿ, ಈ ಮಂದಿ ಹಿಂಗ” ಎಂದು ಎದುರು ಮನೆಯಾಕೆ ಗೊಣಗಿದರು. ನನಗೆ ಏನೋ ಆಗಿದೆ ಅನ್ನಿಸಿ ಇಳಿಜಾರು ಇಳಿದು ಹೊಲದ ಮನೆಗೆ ಹೋದೆ.

ಹಾಲಿನವ್ವ ಗೋಡೆಗೆ ಒರಗಿ ಕುಳಿತಿದ್ದಳು. ದೊಡ್ಡ ಎಮ್ಮೆ, ಚಿಂಚಲಿ ಕಡೆಯಿಂದ ಆರಿಸಿ ತಂದದ್ದು, ಸತ್ತುಹೋಗಿತ್ತು. ಮೇವು ಬಿಟ್ಟಿತ್ತಂತೆ, ಮೆಲುಕು ಹಾಕಲಿಲ್ಲವಂತೆ, ಹೊಟ್ಟೆ ಉಬ್ಬಿಕೊಂಡು ನೆಲಕ್ಕೆ ಬಿದ್ದದ್ದು ಏಳಲೇ ಇಲ್ಲ. ಡಾಕ್ಟರು ಬಂದು ಸೂಜಿ ಚುಚ್ಚಿ ಹೋದರೂ ಉಳಿಯಲಿಲ್ಲ. ಆಮೇಲೆ ಅವರೇ ಹೊಟ್ಟೆ ಕೊಯ್ದು ತೋರಿಸಿದ್ದರು.

“ಒಂದ ಬುಟ್ಟಿ ತುಂಬಾ ಪಿಶವಿ ಬಾಯಾರ,” ಎಂದಳು. ಅವಳ ಆ ಗಂಟೆಯಂಥ ದನಿ ಎಲ್ಲಿ ಹೋಗಿತ್ತೋ. “ಹಗ್ಗ ಹೊಸದಂಗ ಹೊಸಕೊಂಡಿದ್ದವು. ನಿಮ್ಮ ಮಂದಿ ಮುಸುರಿ ಕಟ್ಟಿ ಒಗೀತಾರಲ್ಲಾ, ಉಪ್ಪಿನ ವಾಸನಿಗೆ ಹಂಗ ಹಂಗ ನುಂಗೈತಿ ನನ್ನ ಎಮ್ಮಿ. ಅಷ್ಟ ತುಂಬ್ಕೊಂಡೂ ಹಾಲ ಕೊಟ್ಟೈತಿ ನೋಡ್ರಿ ಅದು. ನಿಮಗ ಕೊಟ್ಟೈತಿ.”

ಅವಳ ಪಕ್ಕದಲ್ಲಿ ಕುಳಿತುಕೊಂಡೆ. ಕರು ಅಲ್ಲೇ ಗೂಟಕ್ಕೆ ಕಟ್ಟಿಸಿಕೊಂಡು ಕೂಗುತ್ತಿತ್ತು.

ಮುಂದಿನ ಆದಿತ್ಯವಾರ ಬೆಳಿಗ್ಗೆ ಕಾಲನಿಯ ಗಂಡಸರೆಲ್ಲ ಲುಂಗಿಯಲ್ಲಿ ಪೇಪರು ಓದುತ್ತ ಕುಳಿತಿದ್ದಾಗ ಹೊಸ ಕಮಾನಿನ ಕೆಳಗಿಂದ ಒಂದು ಚಕ್ಕಡಿ ಒಳಗೆ ಬಂತು. ಎತ್ತಿನ ಮುಂದೆ ಹಾಲಿನವ್ವನ ಗಂಡ, ಪಕ್ಕದಲ್ಲಿ ಹಾಲಿನವ್ವ. ಚಕ್ಕಡಿಯ ತುಂಬ, ಮೇಲೆ ಗೋಣಿತಟ್ಟು ಕಟ್ಟಿದರೂ ಹೊರಗೆ ಚೆಲ್ಲುವಷ್ಟು, ನಮ್ಮ ಕಸ. ಗೋಡೆ ಹಿಂದಿನದನ್ನೂ ಹೊಲದ್ದನ್ನೂ ಹಳ್ಳದ್ದನ್ನೂ ಗೋರಿ ತುಂಬಿಕೊಂಡು ಬಂದಿದ್ದರು. ನೇರವಾಗಿ ಅಧ್ಯಕ್ಷರ ಮನೆಯ ಗೇಟಿನ ಮುಂದೆ ನಿಲ್ಲಿಸಿ, ಎತ್ತಿನ ಕೊರಳು ಬಿಚ್ಚಿ, ಚಕ್ಕಡಿಯ ಮುಂದಿನ ಮೂಕಿಮರ ಎತ್ತಿಬಿಟ್ಟರು. ಕಸವೆಲ್ಲ ದಬದಬನೆ ರಸ್ತೆಗೆ ಸುರಿಯಿತು.

ಆ ನಾತಕ್ಕೆ ಕಾಲನಿಗೆ ಕಾಲನಿಯೇ ಹೊರಗೆ ಬಂತು. ಬಾಗಿಲು ತೆಗೆದ ವೈನಿ ಮೂಗಿಗೆ ಸೆರಗು ಒತ್ತಿಕೊಂಡು, “ಅಗಬಾಯಿ! ಹೇ ಕಾಯ್? ಇದೇನ್ರಿ?” ಎಂದು ನಿಂತಲ್ಲೇ ನಿಂತರು.

ಅಧ್ಯಕ್ಷರು ಕೂಗಿದರು. “ಏನಿದು? ಏನ ನಡಸೀರಿ ಇದು? ಇದನ್ನ ಯಾರ ಮನಿ ಮುಂದ ಚೆಲ್ಲೀರಿ ಗೊತ್ತೈತೇನು?”

ಹಾಲಿನವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ದನಿ ಮರಳಿ ಬಂದಿತ್ತು. “ಗೊತ್ತೈತ್ರಿ ಸಾಹೇಬ್ರ. ನಿಮ್ಮ ಸಾಮಾನು ನಮ್ಮ ಹೊಲದಾಗ ಉಳದಿತ್ತು. ಮರತೀರಿ ಏನೋ ಅಂತ ತಂದ ಮುಟ್ಟಿಸೇನಿ.”

“ಇದು ನಮ್ಮದು ಅಂತ ಯಾರ ಹೇಳಿದ್ರು ನಿನಗ?”

“ಯಾರದು ಅಂತ ನಾ ಕೇಳೂದಿಲ್ರಿ. ನಂದಂತೂ ಅಲ್ಲ. ನಮ್ಮ ಮನ್ಯಾಗ ಈ ಔಷಧ ಬಾಟಲಿ ಇಲ್ಲ, ಈ ಪೌಡರ್ ಡಬ್ಬಿ ಇಲ್ಲ, ಈ ಬೂಟ ಇಲ್ಲ. ಬಂದ ಆರಿಸ್ಕೊಳ್ರಿ.”

ಆರಿಸಿಕೊಳ್ಳುವುದೇನು, ನಿಂತಲ್ಲೇ ಎಲ್ಲರಿಗೂ ತಮ್ಮ ತಮ್ಮದು ಕಂಡಿತ್ತು. ವಕೀಲರ ಮಗಳ ಮದುವೆಯ ಪಾನಸುಪಾರಿ ಚೀಲ ಕೆಂಪಗೆ ಹೊಳೆಯುತ್ತಿತ್ತು. ಎದುರು ಮನೆಯವರ ಟಾನಿಕ್ ಬಾಟಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಅಧ್ಯಕ್ಷರ ಮೊಮ್ಮಗನ ಮುರಿದ ಪ್ಲಾಸ್ಟಿಕ್ ಕುದುರೆ ಕಾಲು ಮೇಲೆ ಮಾಡಿ ಮಲಗಿತ್ತು. ಎಲ್ಲರೂ ನೋಡುತ್ತಿದ್ದರು, ಯಾರೂ ಗುರುತು ಹಿಡಿಯಲಿಲ್ಲ. ಒಬ್ಬರಂತೂ ತಮ್ಮದೇ ಮನೆಯ ಹಾಸಿಗೆಯ ಚಿಂದಿ ಕಾಲಿಗೆ ತಾಗುತ್ತಿದ್ದರೂ ಆಕಾಶ ನೋಡುತ್ತ ನಿಂತಿದ್ದರು. ಓದಿದವರು ಹೀಗೆ ಸುಳ್ಳು ಹೇಳುವುದನ್ನು, ಅದೂ ಬಾಯಿ ತೆಗೆಯದೆ ಹೇಳುವುದನ್ನು, ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಪೊಲೀಸರಿಗೆ ಫೋನ್ ಮಾಡ್ತೀನಿ” ಎಂದರು ಅಧ್ಯಕ್ಷರು.

ಆಗ ನಾನು ಮುಂದೆ ಹೋದೆ. ನಮ್ಮ ಮನೆಯವರು ಸೆರಗು ಹಿಡಿದು ಜಗ್ಗುವುದು ಬಾಕಿ. “ಮಾಡ್ರಿ,” ಎಂದೆ. “ಪೊಲೀಸರು ಬಂದ್ರ ನಾನೂ ಹೇಳ್ತೀನಿ. ಈಕಿ ಎಮ್ಮಿ ಹೊಟ್ಟ್ಯಾಗ ನಮ್ಮೆಲ್ಲಾರ ಪಿಶವಿ ಇದ್ದವು ಅಂತ ಹೇಳ್ತೀನಿ. ನಮ್ಮ ಹಿತ್ತಲದಾಗಿನ ಕುಣಿ ನೀವ ಮುಚ್ಚಿಸಿದ್ರಿ ಅಂತನೂ ಹೇಳ್ತೀನಿ. ಹೀರಿಕಾಯಿ ತಿನ್ನಾಕ ಬೇಕು, ತಿಪ್ಪಿ ಬ್ಯಾಡ. ಹಾಲ ಬೇಕು, ಎಮ್ಮಿ ಸತ್ತರ ಸಾಯಲಿ. ಇದೇನ ಶಾಣ್ಯಾತನರಿ ನಿಮ್ಮದು?”

ಅಷ್ಟು ಮಂದಿಯ ಮುಂದೆ ನಾನು ಹಾಗೆ ದನಿ ಎತ್ತಿದ್ದು ಅದೇ ಮೊದಲು. ಯಾರೂ ಫೋನ್ ಮಾಡಲಿಲ್ಲ. ಹಾಲಿನವ್ವನ ಗಂಡ ಎತ್ತು ಹೂಡಿದ. ಚಕ್ಕಡಿ ಖಾಲಿಯಾಗಿ ಗಡಗಡ ಸದ್ದು ಮಾಡುತ್ತ ಕಮಾನು ದಾಟಿ ಹೋಯಿತು.

ಇನ್ನು ಇವರಿಗೆ ಬುದ್ಧಿ ಬಂತು ಎಂದುಕೊಂಡೆ. ಅದೇ ಸಂಜೆ ಅಧ್ಯಕ್ಷರು ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ಗೊತ್ತು ಮಾಡಿದರು. ಕಸವೆಲ್ಲ ಟ್ರೇಲರಿಗೆ ಏರಿತು. ಇನ್ನು ಮೇಲೆ ವಾರಕ್ಕೊಮ್ಮೆ ಟ್ರ್ಯಾಕ್ಟರ್ ಬರುತ್ತದೆ, ಎಲ್ಲರೂ ಪಿಶವಿಯಲ್ಲಿ ಕಟ್ಟಿ ಗೇಟಿನ ಮುಂದೆ ಇಡಬೇಕು ಎಂದು ಸಂಘದಲ್ಲಿ ಠರಾವಾಯಿತು. “ನೋಡ್ರಿ ಬಾಯಾರ, ಸಮಸ್ಯಾ ಮುಗೀತು” ಎಂದು ಅವರು ನನಗೆ ದಾರಿಯಲ್ಲಿ ಕೈ ಮುಗಿದರು. ನಾನೂ ನಂಬಿದೆ. ಗೋಡೆ ಹಿಂದೆ ಸ್ವಚ್ಛವಾಗಿತ್ತು, ಹಾಲಿನವ್ವನ ಮನೆಯಲ್ಲಿ ಸಾಕಿದ್ದ ಎಳೆಯ ಕಡಸು ಎಮ್ಮೆ ಈದು ಮತ್ತೆ ಹಾಲು ಶುರುವಾಗಿತ್ತು, ನೀರು ಬೆರೆಸುವುದೂ ಶುರುವಾಗಿತ್ತು.

ಅದಾದ ಸ್ವಲ್ಪ ದಿನಕ್ಕೆ ಪಾಲಬಾವಿಗೆ ಹೋಗಲು ರಾಯಬಾಗದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಊರು ಹಿಂದಾಗಿ ಹೊಲಗಳು ಶುರುವಾದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿದು ತಿರುಗುತ್ತದೆ. ಅಲ್ಲಿ ಬಸ್ಸು ನಿಧಾನವಾಯಿತು. ಹಳ್ಳದ ದಂಡೆಯ ಮೇಲೆ ನಮ್ಮ ಕಸ ಕಂಡಿತು. ನಮ್ಮದೇ, ಸಂಶಯವಿಲ್ಲ. ಕಾಲು ಮೇಲೆ ಮಾಡಿದ ಅದೇ ಪ್ಲಾಸ್ಟಿಕ್ ಕುದುರೆ ರಾಶಿಯ ನೆತ್ತಿಯ ಮೇಲಿತ್ತು. ಪಕ್ಕದಲ್ಲಿ ಒಬ್ಬ ಮುದುಕ ಕುರಿ ಬಿಟ್ಟುಕೊಂಡು ನಿಂತಿದ್ದ. ಕುರಿಗಳು ಆ ಗಂಟುಗಳನ್ನು ಮೂಸಿ ಮೂಸಿ ಎಳೆಯುತ್ತಿದ್ದವು.

ಗೋಡೆಯಾಚೆ ಎಸೆಯುತ್ತಿದ್ದ ನಮ್ಮ ಕೈಗೆ ಟ್ರ್ಯಾಕ್ಟರ್ ಕಟ್ಟಿ ಇನ್ನಷ್ಟು ಉದ್ದ ಮಾಡಿದ್ದರು, ಅಷ್ಟೇ. ಹಾಲಿನವ್ವನಿಗಾದರೆ ಬಾಯಿತ್ತು, ಚಕ್ಕಡಿಯಿತ್ತು, ನಮ್ಮ ಮನೆಗಳೂ ಗೊತ್ತಿದ್ದವು. ಈ ಮುದುಕ ಯಾರ ಗೇಟಿನ ಮುಂದೆ ಹೋಗಿ ನಿಲ್ಲಬೇಕು? ಅವನ ಕುರಿ ಸತ್ತರೆ ಯಾರ ಪಿಶವಿ ಎಂದು ಹುಡುಕಬೇಕು? ಪಾಲಬಾವಿ ಮುಟ್ಟುವವರೆಗೂ ನನಗೆ ಅದೇ ಚಿಂತೆ. ಅವ್ವ ತಾಟಿನಲ್ಲಿ ರೊಟ್ಟಿ ಹಾಕಿದರೂ ನುಂಗಲಾಗಲಿಲ್ಲ. “ಏನಾಗೈತಿ ನಿನಗ, ಗಂಡನ ಜೊತಿ ಜಗಳಾ ಮಾಡಿ ಬಂದಿಯೇನ?” ಎಂದು ಕೇಳಿದಳು. “ಇಲ್ಲ ಬೇ, ಇನ್ನ ಹೋಗಿ ಮಾಡಾಕಿ ಅದೀನಿ” ಎಂದೆ.

ತಿರುಗಿ ಬಂದವಳೇ ನಮ್ಮ ಮನೆಯವರನ್ನು ಕೂರಿಸಿಕೊಂಡು ಹೇಳಿದೆ. “ನಾ ಮತ್ತ ಕುಣಿ ತೋಡಾಕಿ. ಹಿತ್ತಲದಾಗ ಅಲ್ಲ, ಮನಿ ಮುಂದ, ಗೇಟಿನ ಬಾಜೂಕ. ದೊಡ್ಡ ದೊಡ್ಡ ಮಂದಿ ಬರ್ತಾರಲ್ಲಾ, ನೋಡ್ಲಿ. ಈ ಸಲ ಮುಚ್ಚಾಕ ಬಂದ್ರ ನಾ ಅದರಾಗ ಇಳದ ಕುಂಡ್ರತೀನಿ.” ಅವರು ಎದ್ದು ಹೋಗಿ ಸಲಿಕೆ ತಂದರು. ಆ ಮನುಷ್ಯನ ಮೇಲೆ ಅಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಆ ದಿನ ಇಳಿಯಿತು.

ನಾವು ತೋಡುವುದನ್ನು ನೋಡಿ ಮೊದಲು ಬಂದವರು ವೈನಿ. ಬಸ್ಸಿನಿಂದ ಕಂಡದ್ದನ್ನು ಅವರಿಗೆ ಹೇಳಿದೆ. ಆ ಕುದುರೆ ವಿಷಯ ಕೇಳಿ ಅವರ ಮುಖ ಕಪ್ಪಿಟ್ಟಿತು. “ನಮ್ಮ ಮನ್ಯಾಗ ಜಾಗಾ ಇಲ್ಲ, ಎಲ್ಲಾ ಫರಸಿ ಹಾಕಿಸೇವಿ. ನಮ್ದೂ ನಿಮ್ಮ ಕುಣ್ಯಾಗ ಹಾಕ್ಲ್ಯಾ?” ಎಂದರು. ಅವರ ಹಿಂದೆ ಮತ್ತೊಬ್ಬರು ಕೇಳಿದರು. ಎಲ್ಲರದೂ ನಮ್ಮ ಕುಣಿಯಲ್ಲಿ ಹಿಡಿಸುವುದಿಲ್ಲ ಎಂದಾದಾಗ ನಾನು ಹಾಲಿನವ್ವನ ಹೊಲಕ್ಕೆ ಹೋದೆ. ಹಸಿ ಸಿಪ್ಪೆ, ಸೊಪ್ಪು, ಮುಸುರೆ ಅವಳಿಗೇ ಕೊಡುತ್ತೇವೆ, ಎಮ್ಮೆಗೆ ಬರುವುದು ಎಮ್ಮೆಗೆ, ಮಿಕ್ಕದ್ದು ಅವಳ ತಿಪ್ಪೆಗೆ ಎಂದೆ.

ಅವಳು ಒಪ್ಪುವ ಮೊದಲು ನನ್ನನ್ನು ಚೆನ್ನಾಗಿ ಬೈದಳು. “ಎಮ್ಮಿ ಕೊಂದ ಮ್ಯಾಲ ಮೇವು ಕೊಡಾಕ ಬಂದ್ರೇನ?” ಎಂದಳು. ಬೈದು ಮುಗಿಸಿ, “ಬಕೀಟಿನ್ಯಾಗ ಇಡ್ರಿ. ಒಂದ ಪಿಶವಿ ಸಿಕ್ಕರ ಬಾಗಲದಾಗ ಸುರವ್ತೀನಿ, ಆಮ್ಯಾಲ ನನಗ ಹೆಸರ ಇಡಬ್ಯಾಡ್ರಿ” ಎಂದಳು.

ಹಾಗೇ ಮಾಡಿದಳು. ಹಾಲಿನ ಕ್ಯಾನು ಖಾಲಿಯಾದ ಮೇಲೆ ಮನೆ ಮನೆಯ ಬಕೀಟು ನೋಡುತ್ತ ಬರುವಳು. ಕೈ ಹಾಕಿ ಕೆದರುವಳು. ಪ್ಲಾಸ್ಟಿಕ್ಕಿನ ಒಂದು ಚೂರು ಕಂಡರೂ ಬಕೀಟನ್ನು ರಂಗೋಲಿಯ ಮೇಲೇ ಬೋರಲು ಮಾಡಿ ಮುಂದಿನ ಮನೆಗೆ ಹೋಗುವಳು. ಮೊದಮೊದಲು ಎಷ್ಟು ಕೂಗಾಟ! ವಕೀಲರ ಹೆಂಡತಿ ಅವಳ ಹಾಲನ್ನೇ ಬಿಟ್ಟರು. ಮತ್ತೆ ಕೆಲವರು ಸೊಕ್ಕು ಬಂದಿದೆ ಎಂದರು. ಆದರೆ ಪಕ್ಕದವರ ಅಂಗಳ ಸ್ವಚ್ಛವಿದ್ದು ತಮ್ಮ ಅಂಗಳದಲ್ಲಿ ಮುಸುರೆ ಚೆಲ್ಲಿಕೊಂಡಿದ್ದರೆ ಎಷ್ಟು ದಿನ ತಡೆದುಕೊಳ್ಳುತ್ತಾರೆ? ಒಬ್ಬೊಬ್ಬರಾಗಿ ದಾರಿಗೆ ಬಂದರು. ಹರಿದ ಪ್ಯಾಂಟುಗಳನ್ನೆಲ್ಲ ನನ್ನ ಕಡೆ ತಂದು ಕೊಟ್ಟರು, ನನ್ನ ಹೊಲಿಗೆ ಮಷೀನಿಗೆ ಬಿಡುವಿಲ್ಲದಂತಾಯಿತು. ಗಂಡಸರು ಮುಖ ಗಂಟಿಕ್ಕಿಕೊಂಡೇ ಕೈಚೀಲ ಹಿಡಿದು ಸಂತೆಗೆ ಹೋದರು. ಅಧ್ಯಕ್ಷರು ಮಾತ್ರ ಒಪ್ಪಲಿಲ್ಲ, ಆದರೆ ಅವರು ವಾಕಿಂಗಿಗೆ ಹೋದ ಹೊತ್ತು ನೋಡಿ ಅವರ ಹೆಂಡತಿ ಹಿಂದಿನ ಬಾಗಿಲಿನಿಂದ ಬಕೀಟು ಕೊಡುತ್ತಿದ್ದರು. ಎಲ್ಲರೂ ಬದಲಾದರು ಎಂದರೆ ಸುಳ್ಳಾಗುತ್ತದೆ. ಒಂದಿಷ್ಟು ಮನೆಯವರು ಕೊನೆಯವರೆಗೂ ಕತ್ತಲಾದ ಮೇಲೆ ಗೋಡೆಯ ಹತ್ತಿರ ಸುಳಿಯುವುದನ್ನು ಬಿಡಲಿಲ್ಲ. ಟ್ರ್ಯಾಕ್ಟರ್ ಮಾತ್ರ ನಿಂತಿತು, ಅದಕ್ಕೆ ಹೇರಲಿಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಹೀಗೇ ವರ್ಷಗಳು ಹೋದವು. ತೊಂಬತ್ತರ ಕೊನೆಯ ಹೊತ್ತಿಗೆ ಪೇಪರಿನಲ್ಲೆಲ್ಲ ಪರಿಸರದ ಮಾತು. ನಮ್ಮ ಸಂಘಕ್ಕೂ ಹುರುಪು ಬಂದು ಒಂದು ಸಮಾರಂಭ ಇಟ್ಟುಕೊಂಡಿತು. ಅಧ್ಯಕ್ಷರು ಬದಲಾಗಿದ್ದರು, ಈಗಿನವರು ಆ ವಕೀಲರು. ಹೊರ ಊರಿಂದ ಭಾಷಣಕಾರರನ್ನು ಕರೆಸಿದ್ದರು. ನನಗೆ ಶಾಲು ಹೊದಿಸುತ್ತೇವೆ, ವೇದಿಕೆಯ ಮೇಲೆ ಕೂರಬೇಕು ಎಂದು ಮನೆಗೆ ಬಂದು ಹೇಳಿದರು.

“ಹಾಲಿನವ್ವಗ ಹೇಳೀರೇನ್ರಿ?” ಎಂದು ಕೇಳಿದೆ.

ವಕೀಲರೆಂದರು, “ಆಕಿ ಸ್ಟೇಜಿನ ಮ್ಯಾಲ ಏನ ಮಾತಾಡ್ತಾಳ್ರಿ?”

ಅವಳು ಮಾತಾಡುವುದನ್ನು ಇವರು ಕೇಳಿರಲಿಲ್ಲವೇ! ನಾನು ಹೋಗುವುದೇ ಬೇಡ ಎಂದುಕೊಂಡಿದ್ದೆ. ಹಾಲಿನವ್ವನೇ, “ಹೋಗೂಣು ನಡೀರಿ, ಏನ ಹೇಳ್ತಾರ ಕೇಳೂಣು” ಎಂದು ಹೊಸ ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ನಾನು ವೇದಿಕೆ ಹತ್ತಲಿಲ್ಲ. ಇಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತೆವು.

ಭಾಷಣ ಚೆನ್ನಾಗಿತ್ತು. ಭೂಮಿತಾಯಿ, ಮುಂದಿನ ಪೀಳಿಗೆ, ನಗರದ ಜನ ಸರಳವಾಗಿ ಬದುಕಬೇಕು, ಎಲ್ಲ ಬಂತು. ನಡುವೆ ಚಹಾ ಬಂತು, ತೆಳ್ಳನೆಯ ಪ್ಲಾಸ್ಟಿಕ್ ಕಪ್ಪಿನಲ್ಲಿ. ಭಾಷಣಕಾರರೂ ಮಾತು ನಿಲ್ಲಿಸಿ ಗುಟುಕರಿಸಿದರು. ಹೊದಿಸಲಿಕ್ಕೆ ತಂದ ಶಾಲು ಟೇಬಲ್ಲಿನ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಮಿಂಚುತ್ತಿತ್ತು. ನನ್ನ ಹೆಸರು ಕೂಗಿದರು. ನಾನು ಕುಳಿತಲ್ಲಿಂದಲೇ ಎದ್ದು ನಿಂತೆ.

“ಶಾಲು ಬ್ಯಾಡ್ರಿ,” ಎಂದೆ. “ನನಗ ಒಂದ ಮಾತ ಹೇಳ್ರಿ ಸಾಕು. ಈ ಕಪ್ಪು ಇಲ್ಲಿಂದ ಎಲ್ಲಿಗೆ ಹೋಗ್ತಾವ?”

ಮತ್ತೆ ಮುಂದುವರಿಸಿದೆ. “ಚಹಾ ಕುಡ್ಯಾಕ ಮನಿ ಮನ್ಯಾಗ ಸ್ಟೀಲಿನ ವಾಟಿ ಅದಾವ. ಹೆಣ್ಮಕ್ಕಳು ತೊಳ್ಯಾಕ ಒಲ್ಲಿ ಅಂತಾರೇನು? ಗಂಡಸರು ತಾವ ಕುಡದದ್ದನ್ನ ತಾವ ತೊಳದರ ಕೈ ಸವೀತಾವೇನು? ಈಕಿ ಎಮ್ಮಿ ಸತ್ತದ್ದ ನೀವೆಲ್ಲಾ ಕಂಡೀರಿ. ಕಂಡೂ ಇದನ್ನ ತಂದೀರಲ್ಲಾ, ನಿಮಗ ಭಾಷಣಾ ಯಾಕ ಬೇಕು?”

ಬೈದರೆ ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ತಗ್ಗಿಸಲಿಲ್ಲ. ಭಾಷಣಕಾರರು “ವಾಹ್, ಭಾಳ ಛಲೋ ಮಾತಾಡಿದ್ರಿ ತಾಯಿ” ಎಂದರು. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಅದಕ್ಕಿಂತ ದೊಡ್ಡ ಅವಮಾನ ನನಗೆ ಇನ್ನೊಂದಿರಲಿಲ್ಲ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಹಾಲಿನವ್ವ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು.

“ನೋಡಿದ್ರೇನ ಬಾಯಾರ,” ಎಂದಳು ರಸ್ತೆಗೆ ಬಂದ ಮೇಲೆ, “ಚಪ್ಪಾಳಿ ಹೊಡ್ಯಾಕ ಎರಡೂ ಕೈ ಬೇಕಲ್ಲಾ, ಅದಕ್ಕ ಕಪ್ಪ ಎಲ್ಲಾರೂ ಕೆಳಗ ಒಗದ್ರು.”

ಹೇಳಿ ಅವಳು ನಗಲಿಲ್ಲ, ನನಗೂ ನಗು ಬರಲಿಲ್ಲ. ಸಂಜೆಯ ಹಾಲು ಹಿಂಡುವ ಹೊತ್ತಾಗಿತ್ತು. ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಅವಳು ಬಿರಬಿರನೆ ಇಳಿಜಾರು ಇಳಿಯತೊಡಗಿದಳು. ನಾನು ಮನೆಗೆ ಹೋಗಲಿಲ್ಲ. ತಿರುಗಿ ಪೆಂಡಾಲಿಗೆ ಹೋದೆ, ಕುರ್ಚಿಗಳ ನಡುವೆ ಬಗ್ಗಿ ಆ ಕಪ್ಪುಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿದೆ, ವಕೀಲರ ಗೇಟಿನ ಒಳಗೆ ಮೆಟ್ಟಿಲ ಮೇಲೆ ಇಟ್ಟು ಬಂದೆ. ಯಾರೂ ನನ್ನನ್ನು ತಡೆಯಲಿಲ್ಲ, ಆ ವಿಷಯ ಆಮೇಲೆ ಯಾರೂ ಎತ್ತಲೂ ಇಲ್ಲ. ಮುಂದಿನ ಸಮಾರಂಭಕ್ಕೆ ಸ್ಟೀಲಿನ ವಾಟಿ ಬಂದವು. ನನ್ನನ್ನು ಕರೆಯಲಿಲ್ಲ.